ಕ್ಯಾಂಟೀನ್ ಗೋಡೆಗೆ ಕಥೆ ಬರೆದವರು

ಅವರಿಗೆ ಕಥೆ ಬರೆಯುವ ಚಟವಿದೆ ಎಂಬ ಗುಮಾನಿ ನನಗೆ ಮೊದಲು ಬಂದದ್ದು ಒಂದು ಕೆಂಪು ಚೀಟಿಯಿಂದ. ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಪಂಪುಗಳಿಗೆ ಬೇಕಾದ ಸಣ್ಣಪುಟ್ಟ ಬಿಡಿಭಾಗಗಳನ್ನು ಮಾಡುತ್ತೇವೆ. ಅಳತೆ ತಪ್ಪಿದ ಮಾಲಿಗೆ ಕೆಂಪು ಚೀಟಿ ಕಟ್ಟಿ, ಕಾರಣ ಬರೆದು ವಾಪಸು ಕಳಿಸುವುದು ಇನ್‌ಸ್ಪೆಕ್ಷನ್‌ನವರ ಕೆಲಸ. ಉಳಿದವರು ‘ಹೊರ ಅಳತೆ ಹೆಚ್ಚು’ ಎಂದೋ ‘ಅಂಚು ಒರಟು’ ಎಂದೋ ಬರೆದು ಮುಗಿಸುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ವಾರ ಅವರು ಬರೆದ ಚೀಟಿಯಲ್ಲಿ ‘ಮೊದಲ ಮೂವತ್ತು ಚೆನ್ನಾಗಿವೆ. ಆಮೇಲೆ ಇವರನ್ನು ಯಾರೋ ಮಾತಾಡಿಸಿದ್ದಾರೆ’ ಎಂದಿತ್ತು. ಲೇತ್ ಮೆಷಿನ್ನಿನಲ್ಲಿ ಅವನ್ನು ಕಡೆದವನು ಟ್ರೇ ಸಮೇತ ಜಗಳಕ್ಕೆ ಬಂದ.

“ಏನ್ ಸಾರ್ ಇದು? ಸೈಜ್ ಬರೀರಿ ಅಂದ್ರೆ ಜಾತಕ ಬರ್ದಿದ್ದೀರಲ್ಲ!”

“ಮಾತಾಡಿಸಿದ್ರೋ ಇಲ್ವೋ, ಅದ್ ಹೇಳು.”

ಅವನು ಟ್ರೇ ಕೆಳಗಿಟ್ಟ. “ನಮ್ ಭಾವಮೈದ ಬಂದಿದ್ದ, ಗೇಟ್ ಹತ್ರ.”

“ಹೂಂ. ಸೈಜ್ ಹಿಂದ್ಗಡೆ ಇದೆ, ತಿರುಗಿಸಿ ನೋಡು.”

ಚೀಟಿಯ ಬೆನ್ನಿಗೆ ಮೂವತ್ತೊಂದನೆಯದರಿಂದ ಹಿಡಿದು ಪ್ರತಿಯೊಂದರ ಅಳತೆಯೂ ಇತ್ತು. ಅಂಕಿಗಳು ಅಚ್ಚು ಹಾಕಿದ ಹಾಗೆ.

ಅವರು ತೀರಿಹೋಗಿ ಐದು ತಿಂಗಳಾಯಿತು. ಹೆಸರು ಹಾಕುವುದು ಬೇಡ ಎಂದು ಅವರ ಮನೆಯವರು ಹೇಳಿದ್ದಾರೆ. ಹಾಕಿದರೂ ನಮ್ಮ ಶೆಡ್ಡಿನಾಚೆ ಯಾರಿಗೂ ಗೊತ್ತಾಗುವ ಹೆಸರಲ್ಲ. ಅವರು ಅಳತೆಯ ಗೇಜುಗಳನ್ನು ನೋಡಿಕೊಳ್ಳುತ್ತಿದ್ದರು. ನಾನು ಅದೇ ಟೇಬಲಿನ ಇನ್ನೊಂದು ತುದಿಯಲ್ಲಿ ಕೂತು, ಭೂತಗನ್ನಡಿಯ ಕೆಳಗೆ ಪಾರ್ಟು ಹಿಡಿದು ಗೀರು ಹುಡುಕುವವಳು. ಹನ್ನೊಂದು ವರ್ಷ ಹೀಗೆ ಎರಡು ತುದಿಯಲ್ಲಿ ಕೂತಿದ್ದೆವು. ನನ್ನ ಓದು ಹತ್ತನೇ ತರಗತಿಯವರೆಗೆ. ಬರೆಯುವ ಅಭ್ಯಾಸವಿದ್ದದ್ದು ಅವರಿಗೆ, ನನಗಲ್ಲ. ಆದರೂ ಬರೆಯುತ್ತಿದ್ದೇನೆ.

ಮೆಷಿನ್ನಿನಿಂದ ಬಂದ ಪಾರ್ಟು ಬಿಸಿಯಾಗಿರುತ್ತದೆ. ಬಿಸಿಯಿದ್ದಾಗ ಅಳೆದರೆ ಅಳತೆ ಸುಳ್ಳು ಹೇಳುತ್ತದೆ. ಅದಕ್ಕೆ ಅವರು ಯಾವುದನ್ನೂ ಕೂಡಲೇ ಅಳೆಯುತ್ತಿರಲಿಲ್ಲ. ಕಲ್ಲಿನ ಮೇಜಿನ ಮೇಲಿಟ್ಟು ಸುಮ್ಮನೆ ಕಾಯುತ್ತಿದ್ದರು. ಈ ಅಭ್ಯಾಸ ಮಾತಿಗೂ ಇಳಿದಿತ್ತು. “ಊಟ ಆಯ್ತಾ ಸಾರ್?” ಎಂದರೂ ಒಂದು ಕ್ಷಣ ಬಿಟ್ಟು ಉತ್ತರ ಬರುತ್ತಿತ್ತು. ಹೊಸಬರು ಅದನ್ನು ಕೊಬ್ಬು ಎಂದುಕೊಳ್ಳುತ್ತಿದ್ದರು. ಹಳಬರು ಪ್ರಶ್ನೆ ಕೇಳಿ, ಕೈ ತೊಳೆದುಕೊಂಡು ಬಂದು, ಆಮೇಲೆ ಉತ್ತರ ಕೇಳಿಸಿಕೊಳ್ಳುತ್ತಿದ್ದರು.

ಅವರ ತಂದೆ ಸರ್ಕಾರಿ ಕಾರ್ಖಾನೆಯೊಂದರಲ್ಲಿದ್ದವರು. ಇವರು ಬೆಳೆದದ್ದು ಅದರ ಕ್ವಾರ್ಟರ್ಸಿನಲ್ಲಿ. ಅಲ್ಲಿ ವರ್ಷಕ್ಕೊಂದು ಕೈಬರಹದ ಪತ್ರಿಕೆ ಮಾಡಿ ಮನೆಯಿಂದ ಮನೆಗೆ ದಾಟಿಸುತ್ತಿದ್ದರಂತೆ. ಒಂಬತ್ತನೇ ತರಗತಿಯಲ್ಲಿದ್ದಾಗ ಇವರ ಕಥೆ ಅದರಲ್ಲಿ ಬಂತು; ಕೊನೆಯಲ್ಲಿ ನಾಯಿ ಸಾಯುತ್ತಿತ್ತು. ಎದುರು ಮನೆಯವರು ನೇರವಾಗಿ ಅಡುಗೆಮನೆಗೆ ಬಂದು, ‘ನಿಮ್ಮ ಮಗನಿಗೆ ಹೇಳ್ರೀ, ನಾಯಿ ಸಾಯಿಸಬಾರದಿತ್ತು’ ಎಂದು ತಾಯಿಯ ಹತ್ತಿರ ದೂರು ಕೊಟ್ಟರು. ತಾಯಿ ಬೈದರು. “ಅವತ್ತು ಎಷ್ಟ್ ಖುಷಿಯಾಯ್ತು ಗೊತ್ತಾ?” ಎಂದು ಅವರು ನನಗೆ ಹೇಳಿದ್ದರು. “ಇಲ್ದೇ ಇರೋ ನಾಯಿಗೆ ಒಬ್ರು ಬೇಜಾರ್ ಮಾಡ್ಕೊಂಡು ಮನೆವರ್ಗೂ ಬಂದ್ರಲ್ಲ.”

ನಮ್ಮ ಕ್ಯಾಂಟೀನಿನಲ್ಲಿ ಊಟದ ಪಟ್ಟಿ ತೂಗುಹಾಕುತ್ತಿದ್ದ ಮೊಳೆಯ ಪಕ್ಕ ಇನ್ನೆರಡು ಮೊಳೆ ಹೊಡೆದು, ಪ್ರತಿ ಶನಿವಾರ ಎರಡು ಹಾಳೆ ತೂಗುಹಾಕುವುದನ್ನು ಅವರು ಶುರುಮಾಡಿದರು. ಬಲವಂತವೇನಿರಲಿಲ್ಲ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರು ಬೇಕಾದರೆ ಓದಬಹುದು. ಒಂದೇ ಪ್ರತಿ. ಮುಂದಿನ ಶನಿವಾರ ಹಳೆಯದನ್ನು ಇಳಿಸಿ ಹೊಸದನ್ನು ಹಾಕುತ್ತಿದ್ದರು.

ಅವರ ಅಂಕಿ ಎಷ್ಟು ಚೆಂದವೋ ಅಕ್ಷರ ಅಷ್ಟು ಕೆಟ್ಟದ್ದು. ಚೀಟಿಯಂಥ ಎರಡು ಸಾಲನ್ನು ನಿಧಾನವಾಗಿ ಬರೆದರೆ ಪರವಾಗಿಲ್ಲ. ಕಥೆಗೆ ಕೂತರೆ ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು. ಮೊದಲ ವಾರ ಹಾಕಿದ್ದನ್ನು ಯಾರಿಂದಲೂ ಓದಲಾಗಲಿಲ್ಲ. ಪಕ್ಕದಲ್ಲೇ ಕೂತು ನೋಡಿ ನೋಡಿ ನನಗೆ ಮಾತ್ರ ಆ ಕೈಬರಹ ತಿಳಿಯುತ್ತಿತ್ತು. ಹಾಗಾಗಿ ಶುಕ್ರವಾರದ ಊಟದ ಬಿಡುವಿನಲ್ಲಿ ಅವರ ನೋಟ್‌ಬುಕ್ಕಿನಿಂದ ದಪ್ಪ ಅಕ್ಷರಗಳಲ್ಲಿ ನಕಲು ಮಾಡುವ ಕೆಲಸ ನನಗೆ ಬಂತು. ಅವರು ಕೇಳಲೂ ಇಲ್ಲ, ನಾನು ಒಪ್ಪಿಕೊಳ್ಳಲೂ ಇಲ್ಲ. ಪೆನ್ನು ನನ್ನ ಕಡೆ ತಳ್ಳಿದರು, ನಾನು ತೆಗೆದುಕೊಂಡೆ.

ಇಳಿಸಿದ ಹಾಳೆಗಳನ್ನು ಅವರು ಏನು ಮಾಡುತ್ತಿದ್ದರೆಂಬುದನ್ನು ಹೇಳಬೇಕು. ನಮ್ಮವರು ಕೈ ಒರೆಸಿಕೊಂಡೇ ಊಟಕ್ಕೆ ಬರುವುದು, ಆದರೂ ಉಗುರಿನ ಸಂದಿಯ ಎಣ್ಣೆ ಹೋಗುವುದಿಲ್ಲ. ಹೆಚ್ಚಿನವರು ಸಾಲಿನ ಕೆಳಗೆ ಬೆರಳಿಟ್ಟು ಓದುವವರು. ವಾರ ಮುಗಿಯುವಷ್ಟರಲ್ಲಿ ಹಾಳೆಯ ಮೇಲೆ ಬೆರಳು ಓಡಾಡಿದ ದಾರಿಯೆಲ್ಲ ಕಪ್ಪಾಗಿರುತ್ತಿತ್ತು. ಅವರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ಪಾರ್ಟು ನೋಡುವ ಹಾಗೆಯೇ ಓರೆಯಾಗಿ ತಿರುಗಿಸಿ ನೋಡುತ್ತಿದ್ದರು. ಕಪ್ಪು ಎಲ್ಲಿ ನಿಂತಿತೋ ಅಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು, “ಇಲ್ಲಿಂದ ಆಚೆ ನಾನೊಬ್ಬನೇ ಹೋಗಿದ್ದೀನಿ” ಅನ್ನುತ್ತಿದ್ದರು.

ಮೊದಮೊದಲು ಬಹಳ ಕಡೆ ಒಬ್ಬರೇ ಹೋದರು. ದಾಸರಹಳ್ಳಿ ಸ್ಟಾಪಿನಲ್ಲಿ ನಿಂತು ಬಂದ ಬಸ್ಸುಗಳನ್ನೆಲ್ಲ ಬಿಡುವ ಒಬ್ಬನ ಕಥೆ ಬರೆದರು. ಎರಡನೇ ಹಾಳೆ ಹಾಕಿದಷ್ಟೇ ಬೆಳ್ಳಗೆ ಕೆಳಗಿಳಿಯಿತು. ಅಡುಗೆಯ ಶಾರದಕ್ಕ ಸಾರು ಬಡಿಸುತ್ತಲೇ ಅವರಿಗೆ ವಿಮರ್ಶೆ ಹೇಳಿದರು.

“ಬಸ್ ಬಂತು, ಅವ್ನು ಅತ್ಲಿಲ್ಲ. ಇನ್ನೊಂದ್ ಬಂತು, ಅದನ್ನೂ ಅತ್ಲಿಲ್ಲ. ನಂಗೆ ಅನ್ನ ಒಲೆ ಮೇಲಿತ್ತು ಸಾರ್, ನಾನು ಬಂದ್ಬಿಟ್ಟೆ.”

“ಕೊನೇಲಿ ಹತ್ತಿದ, ಅಕ್ಕ.”

“ನೀವು ಮೊದ್ಲೇ ಅತ್ತುಸ್ಬೇಕಿತ್ತು.”

ಅವರಿಗೆ ಸಿಟ್ಟು ಬಂತೋ ಏನೋ, ಮುಂದಿನ ಎರಡು ವಾರ ಎಲ್ಲರೂ ಕೇಳುವಂಥದ್ದನ್ನೇ ಬರೆದರು. ಬದಲಾದ ಮಗು, ಸೇಡು, ಕಲ್ಯಾಣ ಮಂಟಪದಲ್ಲಿ ನಿಂತುಹೋದ ಮದುವೆ. ಹಾಳೆ ಮೇಲಿಂದ ಕೆಳಗಿನವರೆಗೂ ಕಪ್ಪಾಯಿತು. ಒಂದು ಮೂಲೆ ಹರಿದೂ ಹೋಯಿತು. ಎರಡನೇ ವಾರದ್ದನ್ನು ಇವರು ಬುಧವಾರವೇ ಇಳಿಸಿಬಿಟ್ಟರು. ಕಂಪನಿ ವ್ಯಾನಿನ ಡ್ರೈವರ್ ಗಂಗಣ್ಣ ಇನ್ನೂ ಓದಿರಲಿಲ್ಲ, ಇನ್‌ಸ್ಪೆಕ್ಷನ್ ರೂಮಿನ ಬಾಗಿಲಿಗೇ ಬಂದು ನಿಂತ.

“ಯಾಕ್ ಸಾರ್ ತೆಗುದ್ರಿ? ಸಕ್ಕತ್ತಾಗಿತ್ತಂತೆ!”

“ಅದನ್ನ ಯಾರ್ ಬೇಕಾದ್ರೂ ಬರೀಬೋದಿತ್ತು ಗಂಗಣ್ಣ.”

“ಯಾರೂ ಬರೀಲಿಲ್ವಲ್ಲ, ನೀವೇ ತಾನೆ ಬರ್ದಿದ್ದು?”

ಅವರು ಕಲ್ಲಿನ ಮೇಜಿನಿಂದ ಮುಂದಿನ ಪಾರ್ಟನ್ನು ಕೈಗೆತ್ತಿಕೊಂಡರು.

ಗಂಗಣ್ಣನ ಬಗ್ಗೆ ಎರಡು ಮಾತು. ನಾಗಸಂದ್ರದ ಕಡೆಯ ಹಳೆಯ ಊರಿನವನು. ಈಗ ಶೆಡ್ಡುಗಳಿರುವ ಜಾಗದಲ್ಲಿ ಅವನ ಮನೆಯವರು ರಾಗಿ ಬೆಳೆಯುತ್ತಿದ್ದರಂತೆ. ಇವರ ಕಥೆಗಳನ್ನು ಅವನಷ್ಟು ಬೈದವರೂ ಇಲ್ಲ, ಅವನಷ್ಟು ಓದಿದವರೂ ಇಲ್ಲ. ಹಾಳೆಯ ಫೋಟೋ ತೆಗೆದು ಗ್ರೂಪಿಗೆ ಹಾಕೋಣ ಎಂದು ಹೊರಟವನೂ ಅವನೇ. ಅವರು ಬೇಡವೆಂದರು. ಫೋನಿನಲ್ಲಿ ಎಲ್ಲರೂ ಚೆನ್ನಾಗಿದೆ ಎಂದು ಹಾಕುತ್ತಾರೆ, ಎಲ್ಲಿ ಬಿಟ್ಟು ಎದ್ದುಹೋದರೆಂದು ತಿಳಿಯುವುದಿಲ್ಲ ಎಂಬುದು ಅವರ ಕಾರಣ.

ಒಮ್ಮೆ ಸೂಪರ್‌ವೈಸರ್ ತಮಾಷೆಗೆ, “ಕಥೆಗೂ ನಮ್ ಡ್ರಾಯಿಂಗ್ ಥರ ಟಾಲರೆನ್ಸ್ ಇರುತ್ತಾ ಸಾರ್? ಇಷ್ಟು ಹೆಚ್ಚು, ಇಷ್ಟು ಕಮ್ಮಿ ಆಗ್ಬೋದು ಅಂತ?” ಎಂದು ಕೇಳಿದ. ನಾನು ತಲೆ ಎತ್ತಿ ಕೂತೆ, ಇವರಿಂದ ದೊಡ್ಡದೊಂದು ಮಾತು ಬರುತ್ತದೆ ಎಂದು. ಅವರು, “ಎದುರಿಗೆ ಜೋಡಿಯಾಗಿ ಕೂರೋ ಪಾರ್ಟ್ ಯಾವ್ದು ಅಂತ ಗೊತ್ತಿದ್ರೆ ತಾನೆ ಟಾಲರೆನ್ಸ್? ಇಲ್ಲಿ ಎದುರಿಗೆ ಗಂಗಣ್ಣ ಇದ್ದಾನೆ” ಎಂದು ಹೇಳಿ ಗೇಜು ಒರೆಸತೊಡಗಿದರು.

‘ಹನ್ನೆರಡನೇ ರೂಮು’ ಶುರುವಾದದ್ದು ಅದಾದ ಮೇಲೆ. ಹೆದ್ದಾರಿಯ ಪಕ್ಕದ ಒಂದು ಲಾಡ್ಜು. ಹನ್ನೆರಡನೇ ರೂಮಿಗೆ ಬಂದಿಳಿದ ಒಬ್ಬ ಮಾರನೇ ಬೆಳಿಗ್ಗೆ ಬ್ಲೇಡು ತರುತ್ತೇನೆಂದು ಹೊರಗೆ ಹೋದವನು ವಾಪಸು ಬರುವುದಿಲ್ಲ. ಬ್ಯಾಗು, ಒಂದು ಶರಟು, ಕನ್ನಡಕ ಎಲ್ಲ ಅಲ್ಲೇ ಇವೆ. ಲಾಡ್ಜಿನ ಕಸ ಗುಡಿಸುವ ಪುಟ್ಟಮ್ಮ ದಿನಾ ಮೊದಲು ಆ ರೂಮನ್ನೇ ಗುಡಿಸುತ್ತಾಳೆ, ಇವತ್ತು ಬರಬಹುದು ಎಂದು. ಅವರಿಗೆ ಬೇಕಿದ್ದದ್ದು ಪುಟ್ಟಮ್ಮ. ಓದುವವರಿಗೆ ಬೇಕಿದ್ದದ್ದು ಹೋದವನು. ಕೊಲೆಯಾಗಿದ್ದಾನೆ ಎಂದು ಗಂಗಣ್ಣ, ಮೊದಲ ಹೆಂಡತಿಯ ಮನೆಗೆ ಹೋಗಿದ್ದಾನೆ ಎಂದು ಶಾರದಕ್ಕ. ಈ ಸಲ ಹಾಳೆ ಕೆಳಗಿನವರೆಗೂ ಕಪ್ಪಾಗುತ್ತಿತ್ತು. ಅವರು ಇಳಿಸಲೂ ಇಲ್ಲ. ಎರಡೂ ಕಡೆಯವರಿಗೆ ಜಾಗವಿರುವ ಕಥೆ ಅವರಿಗೆ ಸಿಕ್ಕಿತ್ತು.

ಅದರೊಳಗೆ ನಾನು ಕೈ ಹಾಕಿದೆ. ಒಂದು ಕಂತಿನ ಕೊನೆಯಲ್ಲಿ, ಪುಟ್ಟಮ್ಮ ಹನ್ನೆರಡನೇ ರೂಮಿನಲ್ಲಿರುವಾಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಗುತ್ತದೆ. ಅವಳು ಪೊರಕೆ ಕೆಳಗಿಟ್ಟು ತಲೆಗೂದಲು ಸರಿಮಾಡಿಕೊಳ್ಳುತ್ತಾಳೆ. ಮುಂದಿನ ಸಾಲು: ಬಂದವನು ಹಾಲಿನವನು. ಆ ಕೊನೆಯ ಸಾಲನ್ನು ನಾನು ನಕಲು ಮಾಡಲಿಲ್ಲ. ಹಾಲಿನವನನ್ನು ನೋಡಿದರೆ ಎಲ್ಲರೂ ಉಸ್ ಎನ್ನುತ್ತಾರೆ, ಹೆಜ್ಜೆ ಸದ್ದಿಗೇ ನಿಲ್ಲಿಸಿದರೆ ವಾರವಿಡೀ ಕಾಯುತ್ತಾರೆ ಎಂದು ನನಗನ್ನಿಸಿತು. ಹಾಗೇ ಆಯಿತು. ಸೋಮವಾರದಿಂದ ಕ್ಯಾಂಟೀನಿನಲ್ಲಿ ಬೇರೆ ಮಾತೇ ಇಲ್ಲ. ಗಂಗಣ್ಣ ವ್ಯಾನಿನಲ್ಲಿ ಜನರನ್ನು ಎರಡು ಗುಂಪು ಮಾಡಿ ಕೂರಿಸಿದ್ದ, ಬಂದಿದ್ದಾನೆ ಎನ್ನುವವರು ಎಡಕ್ಕೆ, ಬಂದಿಲ್ಲ ಎನ್ನುವವರು ಬಲಕ್ಕೆ.

ಮುಂದಿನ ಶನಿವಾರ ಅವರು ಹಾಳೆಯನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

“ಹಾಲಿನವನು ಎಲ್ಲಿ ಹೋದ?”

“ಜಾಗ ಸಾಲ್ಲಿಲ್ಲ ಸಾರ್.”

ಹಾಳೆಯ ಕೆಳಗೆ ನಾಲ್ಕು ಬೆರಳು ಖಾಲಿ ಜಾಗವಿತ್ತು. ಅವರು ತಮ್ಮ ನಾಲ್ಕು ಬೆರಳನ್ನು ಅಲ್ಲಿಟ್ಟು ನನಗೆ ತೋರಿಸಿದರು. ನಾನು ಭೂತಗನ್ನಡಿಯ ಕೆಳಗೆ ನೋಡುತ್ತ ಕೂತೆ.

ಬೈಯಲಿಲ್ಲ. ಆದರೆ ಆ ವಾರದ ಕಂತನ್ನು ಹಾಕಲೂ ಇಲ್ಲ. ಊಟದ ಬಿಡುವಿನಲ್ಲಿ ತಿನ್ನದೆ ಕೂತಿದ್ದವರನ್ನು ನೋಡಿ, “ಈಗ ಹಾಲಿನವನು ಅಂತ ಬರ್ದುಬಿಡಿ ಸಾರ್, ತಪ್ಪು ನಂದು” ಎಂದೆ.

“ಆಗಲ್ಲಮ್ಮ. ಅವತ್ತೇ ಹೇಳಿದ್ರೆ ಅದು ತಮಾಷೆ. ಒಂದ್ ವಾರ ಕಾಯ್ಸಿ ಹೇಳಿದ್ರೆ ಮೋಸ.” ಸ್ವಲ್ಪ ಬಿಟ್ಟು, “ಕಾಯೋರಿಗೆ ಏನಾದ್ರೂ ಕೊಡ್ಬೇಕು. ಅವ್ರು ಕೇಳಿದ್ದೇ ಕೊಡ್ಬೇಕು ಅಂತಲ್ಲ” ಎಂದರು.

ಮೆಟ್ಟಿಲು ಹತ್ತಿ ಬಂದವನು ಹೋದವನ ತಮ್ಮ ಎಂದಾಯಿತು. ಅವನು ಅಣ್ಣನನ್ನು ಹುಡುಕಿಕೊಂಡು ಬಂದು, ಅದೇ ರೂಮಿನಲ್ಲಿ ಉಳಿದು ಕಾಯತೊಡಗಿದ. ಕಥೆ ಇನ್ನೂ ಐದು ತಿಂಗಳು ಬೆಳೆಯಿತು. ತಮ್ಮನೂ ಪುಟ್ಟಮ್ಮನೂ ಜಗುಲಿಯಲ್ಲಿ ಕೂತು, ಇಬ್ಬರೂ ಬೇರೆ ಬೇರೆಯಾಗಿ ಕಂಡ ಒಂದೇ ಮನುಷ್ಯನ ಬಗ್ಗೆ ಮಾತಾಡುವ ಕಂತು ನಾನು ನಕಲು ಮಾಡಿದ್ದರಲ್ಲೆಲ್ಲ ಚೆನ್ನಾಗಿತ್ತು. “ಇದು ನಿನ್ನಿಂದ ಬಂತು” ಎಂದು ಅವರು ಒಪ್ಪಿಕೊಂಡರು. ಜೊತೆಗೇ, “ಇನ್ನೊಂದ್ಸಲ ತೆಗಿಯೋದಾದ್ರೆ ಹೇಳಿ ತೆಗಿ. ಬೇಡ ಅನ್ನಲ್ಲ” ಎಂದರು. ನಾನು ಮತ್ತೆ ಏನನ್ನೂ ತೆಗೆಯಲಿಲ್ಲ.

ಯಾರೂ ಕೇಳದೆ ಯಾಕೆ ಬರೆಯುತ್ತೀರಿ ಎಂದು ಒಂದು ಶುಕ್ರವಾರ ಕೇಳಿದ್ದೆ. ಮಜಕ್ಕೆ ಎಂದರು. ಹಾಗಿದ್ದರೆ ನಿಮಗೆ ಇಷ್ಟ ಬಂದ ಹಾಗೆ ಬರೆಯಬಹುದಲ್ಲ, ಆ ಎಣ್ಣೆ ಕಲೆ ಯಾಕೆ ನೋಡಬೇಕು ಎಂದೆ. ಅವರು ಡಬ್ಬಿಯ ಮುಚ್ಚಳ ಹಾಕಿ, ಚಮಚ ಒರೆಸಿ, ಅದನ್ನು ಜೇಬಿಗೆ ಸೇರಿಸಿದ ಮೇಲೆ ಹೇಳಿದರು:

“ನನ್ ಮಜಕ್ಕೆ ಮಾತ್ರ ಆದ್ರೆ ಗೋಡೆಗ್ಯಾಕೆ ಹಾಕ್ಬೇಕು? ನೋಟ್‌ಬುಕ್ಕಲ್ಲೇ ಇರ್ಬೋದು. ಅವ್ರ್ ಮಜಕ್ಕೆ ಮಾತ್ರ ಆದ್ರೆ ನಾನ್ಯಾಕೆ ಬರೀಬೇಕು? ಟಿವಿ ಇದೆ.” ಮತ್ತೆ, “ನಿಂಗೇನಿಷ್ಟ?” ಎಂದು ಕೇಳಿದರು.

“ನಂಗೆ ಕಥೆ ಮುಗಿಯೋದು ಇಷ್ಟ ಸಾರ್.”

“ಅದೂ ಒಂದು ಕೆಲಸಾನೇ” ಎಂದು ನಕ್ಕರು.

ಮುಗಿಸಲು ಅವರಿಗೆ ಸಮಯ ಸಿಗಲಿಲ್ಲ. ರಜೆ ಹಾಕಿದರು. ಮೊದಲು ಒಂದು ವಾರ, ಆಮೇಲೆ ತಿಂಗಳು. ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿಯಿತು. ಕ್ಯಾಂಟೀನಿನಲ್ಲಿ ಹಳೆಯ ಕಂತು ಗೋಡೆಯ ಮೇಲೇ ಉಳಿಯಿತು. ನಾನು ಎರಡು ಸಲ ಆಸ್ಪತ್ರೆಗೆ ನೋಡಲು ಹೋಗಿದ್ದೆ. ಎರಡನೇ ಸಲ ಗಂಗಣ್ಣನೂ ಬಂದಿದ್ದ. ಹಾಸಿಗೆಯ ಪಕ್ಕ ನಿಂತು ಏನು ಮಾತಾಡಬೇಕೆಂದು ತೋಚದೆ, “ಅವ್ನು ವಾಪಸ್ ಬರ್ತಾನಾ ಸಾರ್? ಅಷ್ಟ್ ಹೇಳ್ಬಿಡಿ, ನಾನ್ ಯಾರ್ಗೂ ಹೇಳಲ್ಲ” ಎಂದ. ಅವರು ಎಂದಿನಂತೆ ಸ್ವಲ್ಪ ಕಾದರು. “ಬರೀತಾ ಇದ್ದೀನಿ” ಎಂದರು. ನೋಟ್‌ಬುಕ್ಕು ದಿಂಬಿನ ಪಕ್ಕದಲ್ಲಿತ್ತು. ಹದಿನೈದು ದಿನಕ್ಕೆ ಸುದ್ದಿ ಬಂತು.

ತಿಥಿ ಮುಗಿದ ಮೇಲೆ ದಾಸರಹಳ್ಳಿಯ ಅವರ ಮನೆಗೆ ಹೋದೆ. ಎರಡನೇ ಮಹಡಿ, ಕಿಟಕಿಯಲ್ಲಿ ಮೆಟ್ರೋ ಹೋಗುವುದು ಕಾಣುತ್ತದೆ. ಅವರ ಹೆಂಡತಿ ನೋಟ್‌ಬುಕ್ಕನ್ನು ತಂದು ಕೈಗೆ ಕೊಟ್ಟು, “ಇದು ಕಂಪನೀದು ಅಲ್ವಾ? ಅಳತೆ ಬರೀತಿದ್ರು ಅನ್ಸತ್ತೆ, ನಂಗಂತೂ ಒಂದಕ್ಷರ ಗೊತ್ತಾಗಲ್ಲ” ಎಂದರು. ಕಥೆಗಳೆಂದು ಹೇಳಿದೆ. ಅವರು ನನ್ನನ್ನೇ ನೋಡಿದರು. “ಕಥೆನಾ? ಇವ್ರಾ? ಮನೇಲಿ ಇವ್ರ ಬಾಯಿಂದ ಒಂದ್ ಮಾತು ಬರ್ಬೇಕಾದ್ರೆ ಅರ್ಧ ಗಂಟೆ.” ಆಮೇಲೆ ಸೆರಗಿನಿಂದ ನೋಟ್‌ಬುಕ್ಕಿನ ಹೊದಿಕೆಯನ್ನು ಒರೆಸಿ, “ನೀನೇ ಇಟ್ಕೋ” ಎಂದರು.

ಮನೆಗೆ ತಂದು ಓದಿದೆ. ಕೊನೆಯ ಕಂತು ಎರಡಿತ್ತು, ಎದುರು ಬದುರು ಪುಟಗಳಲ್ಲೂ ಅಲ್ಲ, ಒಂದಾದ ಮೇಲೊಂದು.

ಒಂದರಲ್ಲಿ ಹೋದವನು ಬರುವುದಿಲ್ಲ. ತಮ್ಮನೂ ಊರಿಗೆ ಹೊರಟುಹೋಗುತ್ತಾನೆ. ಕೊನೆಯ ಸಾಲು ಹೀಗಿದೆ: ‘ಆ ದಿನ ಪುಟ್ಟಮ್ಮ ಹನ್ನೊಂದು ಗುಡಿಸಿದಳು, ಹನ್ನೆರಡು ಗುಡಿಸಿದಳು, ಹದಿಮೂರು ಗುಡಿಸಿದಳು.’ ಆ ಪುಟದಲ್ಲಿ ಹೊಡೆದುಹಾಕದ ಸಾಲೇ ಕಡಿಮೆ. ಒಂದು ವಾಕ್ಯವನ್ನು ಆರು ಸಲ ಬರೆದು ಆರು ಸಲ ಹೊಡೆದಿದ್ದರು.

ಪುಟ ತಿರುಗಿಸಿದರೆ ಇನ್ನೊಂದು. ಅದರಲ್ಲಿ ಅವನು ಬರುತ್ತಾನೆ. ಒಂದು ತಿದ್ದುಪಡಿಯೂ ಇಲ್ಲದೆ, ಮೊದಲಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಬರೆದದ್ದು.

ಯಾವುದು ಬೇಕು, ಯಾವುದು ಬೇಡ ಎಂದು ಎಲ್ಲೂ ಗುರುತಿರಲಿಲ್ಲ. ಕೈಗೆ ಬಂದ ಪ್ರತಿಯೊಂದಕ್ಕೂ ಹಸಿರೋ ಕೆಂಪೋ ಚೀಟಿ ಕಟ್ಟುತ್ತಿದ್ದ ಮನುಷ್ಯ ಇವೆರಡಕ್ಕೆ ಏನೂ ಕಟ್ಟದೆ ಹೋಗಿದ್ದರು. ಕಟ್ಟಬೇಕಾದವಳು ನಾನಾದೆ. ನಮ್ಮ ಕೆಲಸದ ಲೆಕ್ಕದಲ್ಲೇ ಯೋಚಿಸಿದೆ. ಬಿಸಾಡುವ ಪಾರ್ಟನ್ನು ಯಾರೂ ಆರು ಸಲ ಅಳೆಯುವುದಿಲ್ಲ. ಆರು ಸಲ ಅಳೆದಿದ್ದಾರೆಂದರೆ ಅದೇ ಅವರಿಗೆ ಬೇಕಾದದ್ದು. ತಿದ್ದದೆ ಬರೆದದ್ದು ಗಂಗಣ್ಣನ ಮನಸ್ಸು ನೋಯಿಸಬಾರದೆಂದು ಬರೆದದ್ದಿರಬೇಕು. ಒಮ್ಮೆ ಅವರ ಕಥೆಯನ್ನು ಓದುಗರ ಕಡೆಗೆ ಎಳೆದವಳು ನಾನು, ಈ ಸಲ ಹಾಗಾಗಬಾರದು ಎಂದುಕೊಂಡು ಮೊದಲನೆಯದನ್ನು ನಕಲು ಮಾಡಿದೆ.

ಶನಿವಾರ ಊಟದ ಹೊತ್ತಿಗೆ ಹಾಕಿದೆ. ಬಡಿಸುವುದು ನಿಂತಿತು. ಹಿಂದಿನವರಿಗೆ ಕೇಳಲೆಂದು ಗಂಗಣ್ಣ ಗಟ್ಟಿಯಾಗಿ ಓದಿದ. ‘ಹದಿಮೂರು ಗುಡಿಸಿದಳು’ ಎಂದು ಓದಿ ಮುಗಿಸಿ, ಹಾಳೆಯ ಹಿಂಬದಿಯನ್ನು ಎತ್ತಿ ನೋಡಿದ. ಅಲ್ಲಿ ಏನೂ ಇರಲಿಲ್ಲ.

“ಅಷ್ಟೇನಾ?”

“ಅಷ್ಟೇ ಗಂಗಣ್ಣ.”

“ಇದು ಸಾರ್ ಬರ್ದಿದ್ದಲ್ಲ. ನೀನ್ ಬರ್ದಿದ್ದು.”

ಹಾಲಿನವನನ್ನು ಕಿತ್ತುಹಾಕಿದಾಗ ಒಬ್ಬರಿಗೂ ಅನುಮಾನ ಬಂದಿರಲಿಲ್ಲ. ಒಂದಕ್ಷರ ಆಚೀಚೆ ಮಾಡದೆ ಬರೆದಾಗ ಹೀಗೆ. ನೋಟ್‌ಬುಕ್ಕನ್ನು ತಂದು ಪುಟ ತೆರೆದು ತೋರಿಸಿದೆ. ನಾಲ್ಕೈದು ಜನ ಬಗ್ಗಿ ನೋಡಿದರು.

“ಇದ್ರಲ್ಲಿ ಏನ್ ತಿಳೀತದೆ? ಕೋಳಿ ಕೆದರ್ದಂಗದೆ” ಎಂದರು ಶಾರದಕ್ಕ.

“ಅದೇ ನಾನೂ ಹೇಳ್ತಿರೋದು” ಎಂದ ಗಂಗಣ್ಣ. “ಓದಕ್ ಬರೋದು ಇವ್ಳೊಬ್ಳಿಗೇ. ಇವ್ಳು ಹೇಳಿದ್ದೇ ನಿಜ. ಆಸ್ಪತ್ರೇಲಿ ನನ್ ಮುಂದೆ ಬರೀತೀನಿ ಅಂದ್ರು ಸಾರ್. ಅವ್ರು ಹಿಂಗ್ ಕೈ ಕೊಡೋರಲ್ಲ.” ಆಮೇಲೆ ಬೆರಳು ತೋರಿಸಿ, “ಮುಂದಿನ್ ಪುಟ ತಿರುಗ್ಸು. ಅಲ್ಲೇನಿದೆ?” ಎಂದು ಕೇಳಿದ.

ನೋಟ್‌ಬುಕ್ಕು ಮುಚ್ಚಿದೆ. “ಏನೂ ಇಲ್ಲ. ಮನೆ ಸಾಮಾನಿನ ಪಟ್ಟಿ” ಎಂದೆ.

ಅಂದಿನಿಂದ ಗಂಗಣ್ಣ ನನ್ನ ಜೊತೆ ಮಾತು ಬಿಟ್ಟ. ವ್ಯಾನಿನಲ್ಲಿ ನನ್ನ ಸ್ಟಾಪು ಬಂದಾಗ ಹೆಸರು ಕೂಗುವುದನ್ನೂ ನಿಲ್ಲಿಸಿ, ಸುಮ್ಮನೆ ಬ್ರೇಕ್ ಹಾಕುತ್ತಿದ್ದ. ಅದು ದೊಡ್ಡ ವಿಷಯವಲ್ಲ. ಆದರೆ ಕ್ಯಾಂಟೀನಿನಲ್ಲಿ ಎಲ್ಲರೂ ಅವರ ಬಗ್ಗೆ ಮಾತಾಡುವಾಗ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಅವರನ್ನು ನೆನೆಸಿಕೊಳ್ಳುವ ಜನ ಇದ್ದದ್ದು ಅಲ್ಲೊಂದೇ ಕಡೆ, ಅಲ್ಲಿ ನನಗೆ ಜಾಗವಿರಲಿಲ್ಲ.

ನಾನು ನೋಟ್‌ಬುಕ್ಕು ತೆಗೆದಾಗಲೆಲ್ಲ ಓದಿದ್ದು ಆ ಎರಡನೆಯದನ್ನೇ. ಓದಿ ಓದಿ ಬಾಯಿಪಾಠವಾಯಿತು. ಹಾಗೆ ಓದುತ್ತಿದ್ದಾಗ ಒಂದು ದಿನ ಸರಳವಾದ ವಿಷಯವೊಂದು ಹೊಳೆಯಿತು. ತಿದ್ದದೆ ಬರೆಯುವುದು ಇಷ್ಟವಿಲ್ಲದಾಗ ಮಾತ್ರವಲ್ಲ. ಬಹಳ ಇಷ್ಟವಾದಾಗಲೂ ಕೈ ಹಾಗೆಯೇ ಓಡಬಹುದು. ಆರು ಸಲ ಹೊಡೆದದ್ದು ಬೇಕೆಂದೋ, ಸರಿ ಬರಲಿಲ್ಲವೆಂದೋ? ಪಾರ್ಟಿಗಾದರೆ ಡ್ರಾಯಿಂಗ್ ಇರುತ್ತದೆ. ಇದಕ್ಕೇನಿತ್ತು? ನನಗೆ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಚೀಟಿ ಕಟ್ಟಿದ್ದೆ.

ಮೂರು ವಾರದ ಹಿಂದೆ ಶುಕ್ರವಾರ ಅದನ್ನೂ ನಕಲು ಮಾಡಿದೆ. ಕೆಳಗೆ ಸಣ್ಣದಾಗಿ ನನ್ನ ಹೆಸರು ಹಾಕಿ ಬರೆದೆ: ‘ಇದೂ ಅವರೇ ಬರೆದದ್ದು. ಮುಂದಿನ ಪುಟದಲ್ಲಿದ್ದದ್ದು ಇದು. ನಾನು ಸುಳ್ಳು ಹೇಳಿದೆ. ಎರಡರಲ್ಲಿ ಯಾವುದೆಂದು ಅವರು ಹೇಳಿಲ್ಲ.’ ಮಾರನೇ ದಿನ ಮೊದಲನೆಯದರ ಪಕ್ಕದಲ್ಲೇ ತೂಗುಹಾಕಿ, ಕೈಕಟ್ಟಿ ಅಲ್ಲೇ ನಿಂತೆ.

ಗಂಗಣ್ಣ ಈ ಸಲ ಗಟ್ಟಿಯಾಗಿ ಓದಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಅದರಲ್ಲಿ ಪುಟ್ಟಮ್ಮ ಹನ್ನೆರಡನೇ ರೂಮು ಒರೆಸಿ ಮುಗಿಸಿರುತ್ತಾಳೆ, ನೆಲ ಒದ್ದೆಯಿರುತ್ತದೆ. ಅವನು ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು, ಒಳಗೆ ಬರಬಹುದಾ ಎಂದು ಕೇಳುತ್ತಾನೆ. ಐದು ನಿಮಿಷ ಇರಿ, ಒಣಗಲಿ ಎನ್ನುತ್ತಾಳೆ. ಅವನು ನಿಲ್ಲುತ್ತಾನೆ. ಅಷ್ಟೇ.

ಗಂಗಣ್ಣ ಮುಗಿಸಿ ನನ್ನ ಕಡೆ ತಿರುಗಿದ. ಮುಖ ಅರಳಿತ್ತು.

“ನೋಡ್ದಾ? ನಾನ್ ಹೇಳಿರ್ಲಿಲ್ವಾ, ಬಂದೇ ಬರ್ತಾನೆ ಅಂತ! ನನ್ ಮಾತು ನಡುಸ್ಕೊಟ್ರು ಸಾರ್.” ಮತ್ತೆ ಹಾಳೆಗೆ ತಿರುಗಿ ಕೊನೆಯ ಸಾಲುಗಳ ಮೇಲೆ ಬೆರಳಾಡಿಸಿದ. ಹುಬ್ಬು ಗಂಟಿಕ್ಕಿತು. “ಏಯ್, ಇಷ್ಟ್ ದಿನ ಎಲ್ಲಿಗ್ ಹೋಗಿದ್ದ ಅಂತ ಬರ್ದೇ ಇಲ್ವಲ್ಲ! ಬ್ಲೇಡ್ ತರಕ್ ಹೋದೋನು!”

“ಇಲ್ಲ ಗಂಗಣ್ಣ. ಅದನ್ನ ಬರ್ದಿಲ್ಲ.”

“ಅದೆಂಗಾಯ್ತದೆ? ಬಂದ ಅಂದ್ಮೇಲೆ ಎಲ್ಲಿದ್ದ ಅಂತ ಗೊತ್ತಾಗ್ಬೇಕಲ್ವಾ? ಸರಿಯಾಗಿ ಕೇಳ್ಬೇಕು ಕಣಮ್ಮ ನೀನು. ಪಕ್ಕದಲ್ಲೇ ಕೂತಿರ್ತೀಯ. ಸೋಮವಾರ ಸಾರ್‌ನ ಕೇಳಿ ಹೇಳು.”

ಹೇಳಿದ ಮೇಲೆ ಅವನ ಬಾಯಿ ತೆರೆದಂತೆಯೇ ಉಳಿಯಿತು. ಶಾರದಕ್ಕ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. ಸಾಲಿನಲ್ಲಿದ್ದವರು ತಟ್ಟೆ ನೋಡಿಕೊಂಡರು.

“ಆಯ್ತು ಗಂಗಣ್ಣ,” ಎಂದೆ. “ಕೇಳ್ತೀನಿ.”